ಸಗಣಿ ಗುಂಡಿಯ ಬಳಿ ಬೆಳ್ಳಿ

ಡೇರಿಯ ಗೇಟಿನೊಳಗೆ ಪೊಲೀಸ್ ಜೀಪು ಬಂದ ಹೊತ್ತಿಗೇ ಟ್ರ್ಯಾಕ್ಟರ್ ಡ್ರೈವರನ ಹೆಂಡತಿ ನಮ್ಮ ಬಾಗಿಲು ಬಡಿದಳು.

"ಡಾಕ್ಟರಮ್ಮಾ, ನಮ್ಮ ಯಜಮಾನ್ರನ್ನ ಹಿಡ್ಕೊಂಡಿದ್ದಾರೆ! ಗ್ಯಾಸ್ ಅಳೆಯೋ ಸಾರ್‌ನ ಹೊಡೆದು ಬೀಳಿಸಿದ್ರು ಅಂತ ಮ್ಯಾನೇಜರು ಹೇಳ್ತಿದ್ದಾರೆ. ಇರುವೆ ತುಳಿಯೋಕೂ ಹಿಂಜರಿಯೋ ಮನುಷ್ಯ ಅವರು!"

ಹದಿನೆಂಟು ವರ್ಷದಿಂದ ಡೇರಿಯಲ್ಲೇ ವಾಸವಿರುವ ನಮ್ಮ ದನದ ಡಾಕ್ಟರಮ್ಮ ಹಸುವಿನ ಕಾಯಿಲೆಯಷ್ಟೇ ಸಲೀಸಾಗಿ ಮನುಷ್ಯರ ಸುಳ್ಳನ್ನೂ ಪತ್ತೆ ಹಚ್ಚುತ್ತಾರೆ. ನಾನು ಅವರ ಕಾಂಪೌಂಡರ್. ಚೀಲ ಹೊತ್ತು ಹಿಂದೆ ಓಡುವುದು ನನ್ನ ಕೆಲಸ.

ಸಗಣಿ ಗುಂಡಿಯಿಂದ ಏಳುವ ಮೀಥೇನ್ ಭೂಮಿಯನ್ನು ಬಿಸಿಯೇರಿಸುತ್ತದಂತೆ. ಅದು ಹೆಚ್ಚಿದ್ದರೆ ಹಾಲು ಕೊಳ್ಳುವುದಿಲ್ಲ ಎಂದು ಕಂಪನಿ ಹಟ ಹಿಡಿದಿತ್ತು. ಅದನ್ನು ಅಳೆಯಲು ಏಳಕ್ಕೆ ಬರಬೇಕಿದ್ದ ಕಂಪನಿಯ ಅಳತೆಯವನು ಅಂದು ಆರೂವರೆಗೇ ಬಂದಿದ್ದ. ಏಳಕ್ಕೆ ಡ್ರೈವರ್ ನೋಡಿದಾಗ ಅವನು ಗುಂಡಿಯ ಅಂಚಿನಲ್ಲಿ ಪ್ರಜ್ಞೆತಪ್ಪಿ ಬಿದ್ದಿದ್ದನಂತೆ. ಹಿಂದಿನ ದಿನ ಅವನ ಅಳತೆಯ ಪೈಪಿನ ಮೇಲೆ ಟ್ರ್ಯಾಕ್ಟರ್ ಹರಿಸಿ ಡ್ರೈವರ್ ಜಗಳವಾಡಿದ್ದು ಎಲ್ಲರಿಗೂ ಗೊತ್ತು.

ಆಂಬುಲೆನ್ಸಿಗೆ ಏರಿಸುವಾಗ ಡಾಕ್ಟರಮ್ಮ ಅಳತೆಯವನ ತಲೆಯನ್ನು ತಡವಿ ನೋಡಿದರು. ಗಾಯವಿರಲಿಲ್ಲ. ಕೊರಳಿನ ಬೆಳ್ಳಿ ಸರ ಮಾತ್ರ ಕಪ್ಪಗಾಗಿತ್ತು. ಗುಂಡಿಯಲ್ಲಿ ಒಂದು ತಿಂಗಳಿಂದ ಒಣಗಿ ನಿಂತಿದ್ದ ಸಗಣಿಯ ಪದರ ನಡುವೆ ಒಡೆದು, ಹಸಿಯಾಗಿ ಹೊಳೆಯುತ್ತಿತ್ತು.

"ಬೆಳಗಿಂದ ನಾನು ಆಫೀಸು ಬಿಟ್ಟು ಕದಲಿಲ್ಲ," ಎಂದ ಮ್ಯಾನೇಜರ್. ಬೆಳ್ಳಿ ಕಡಗ ಕಾಣಲೆಂದು ಸದಾ ಅಂಗಿಯ ತೋಳು ಮಡಚುವವನು ಆ ಸೆಕೆಯಲ್ಲೂ ಅದನ್ನು ಮಣಿಕಟ್ಟಿನವರೆಗೆ ಇಳಿಸಿ ಬಟನ್ ಹಾಕಿಕೊಂಡಿದ್ದ.

ಡಾಕ್ಟರಮ್ಮ ಎಲ್ಲರನ್ನೂ ಹಾಲಿನ ಕೋಣೆಯಲ್ಲಿ ಕೂರಿಸಿದರು. ಇನ್ಸ್‌ಪೆಕ್ಟರ್ ಗಡಿಯಾರ ನೋಡುತ್ತಿದ್ದ.

"ಅವನಿಗೆ ಯಾರೂ ಹೊಡೆದಿಲ್ಲ. ಗುಂಡಿ ಕಲಕಿದ್ರೆ ಒಳಗೆ ಸಿಕ್ಕಿಕೊಂಡಿದ್ದ ಗ್ಯಾಸೆಲ್ಲ ಒಂದೇ ಸಲಕ್ಕೆ ಮೇಲೆ ಬರುತ್ತೆ. ಮೀಥೇನ್ ಜೊತೆ ವಿಷದ ಗ್ಯಾಸೂ ಬರುತ್ತೆ. ಅದು ಬೆಳ್ಳಿನ ಕಪ್ಪು ಮಾಡುತ್ತೆ, ಮನುಷ್ಯನ್ನ ಕೆಡವುತ್ತೆ. ಡ್ರೈವರಪ್ಪಾ, ಕೈ ತೋರಿಸು."

ಅವನ ಬೆಳ್ಳಿ ಉಂಗುರ ಫಳಫಳ ಹೊಳೆಯಿತು.

"ಕಪ್ಪಾದದ್ದನ್ನ ಬಿಚ್ಚಿಟ್ಟು ಬೇರೆ ಉಂಗುರ ಹಾಕ್ಕೊಂಡಿರಬಹುದಲ್ಲ?" ಎಂದ ಇನ್ಸ್‌ಪೆಕ್ಟರ್.

"ಬೇಕಾದ್ರೆ ನೀವೇ ಕಳಚಿ ನೋಡಿ."

ಇನ್ಸ್‌ಪೆಕ್ಟರ್ ಎಳೆದ, ತಿರುಗಿಸಿದ, ಸೋಪು ಹಚ್ಚಿದ. ಊದಿದ ಬೆರಳಿನಿಂದ ಉಂಗುರ ಜಗ್ಗಲಿಲ್ಲ.

"ಇವನು ಬರೋ ಹೊತ್ತಿಗೆ ಗಾಳಿ ಗ್ಯಾಸನ್ನ ಹೊತ್ಕೊಂಡು ಹೋಗಿತ್ತು. ಕಲಕಿದಾಗ ಅಲ್ಲಿದ್ದವರು ಬೇರೆ. ಮ್ಯಾನೇಜರೇ, ಸ್ವಲ್ಪ ತೋಳು ಮಡಚ್ತೀರಾ?"

ಅವನು ಮಡಚಲಿಲ್ಲ. ಇನ್ಸ್‌ಪೆಕ್ಟರೇ ಮಡಚಿದ. ಕಡಗ ಬಾಣಲೆಯ ತಳದಷ್ಟು ಕಪ್ಪಾಗಿತ್ತು.

"ಅಳತೆಗೆ ಮುಂಚೆ ಗ್ಯಾಸ್ ಹೋಗ್ಲಿ ಅಂತ ಐದು ನಿಮಿಷ ಗುಂಡಿ ಕಲಕೋ ಮೋಟಾರ್ ಹಾಕ್ದೆ," ಎಂದ ಮ್ಯಾನೇಜರ್ ತಲೆ ತಗ್ಗಿಸಿ. "ಅಷ್ಟರಲ್ಲಿ ಅವನು ಬಂದು ಬಗ್ಗಿದ, ಬಿದ್ದ. ನಂಗೂ ತಲೆ ಸುತ್ತಿತು, ಓಡಿಬಂದೆ."

"ಓಡಿದ್ದು ಭಯಕ್ಕೆ, ಒಪ್ಪಿದೆ. ಒಂದು ಫೋನು ಮಾಡೋಕೂ ಭಯವೇ? ಇನ್ನೊಬ್ಬನ ತಲೆಗೆ ಕಟ್ಟಿದ್ದು ಯಾವ ಭಯಕ್ಕೆ?" ಎಂದರು ಡಾಕ್ಟರಮ್ಮ. "ಗ್ಯಾಸೂ ಕಡಿಮೆಯಾಗ್ಲಿಲ್ಲ. ಲೆಕ್ಕಕ್ಕೆ ಸಿಗದೆ ಆಕಾಶಕ್ಕೆ ಹೋಯ್ತು, ಅಷ್ಟೇ."

ಆಗಲೇ ಆಸ್ಪತ್ರೆಯಿಂದ ಫೋನು ಬಂತು. ಅಳತೆಯವನು ಕಣ್ಣು ತೆರೆದಿದ್ದ. ನಾನು ನಾಚಿಕೆ ಬಿಟ್ಟು ಅತ್ತುಬಿಟ್ಟೆ.

ಡ್ರೈವರನ ಹೆಂಡತಿ ಗಂಡನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಮದುವೆ ಉಂಗುರ ಬಿಗಿ, ಕತ್ತರಿಸಿ ಹಾಕ್ತೀನಿ ಅಂತ ಒಂಬತ್ತು ವರ್ಷದಿಂದ ಗೊಣಗ್ತಿದ್ರಲ್ಲ," ಎಂದಳು. "ಇನ್ನೊಂದ್ಸಲ ಬಾಯಿಬಿಡಿ, ನೋಡ್ತೀನಿ!"