ಬೆರಳಿನಡಿಯ ತಾರೀಖು

"ಬಾಗಿಲು ತೆಗೀತೀಯೋ, ಒದ್ದು ಮುರೀಲೋ?"

ಆಚೆ ಭಾವ. ಅಕ್ಕನ ಗಂಡ. ಆರಡಿ ಎತ್ತರ. ಅರ್ಧ ಸ್ನಾನದಲ್ಲಿ ಎದ್ದು ಬಂದವರು. ಕೈಯಲ್ಲಿ ಚೊಂಬು!

ಈಚೆ ನಾನು. ಐದಡಿ, ಅದೂ ಚಪ್ಪಲಿ ಸೇರಿಸಿ. ಅವರದೇ ಕೋಣೆಯಲ್ಲಿ, ಒಳಗಿನಿಂದ ಚಿಲಕ ಹಾಕಿಕೊಂಡು, ಅವರ ಬೀರುವಿನೊಳಗೆ ಮೊಣಕೈವರೆಗೆ ಕೈ ತೂರಿಸಿ ನಿಂತಿದ್ದೆ.

ಗಂಟೆ ಹನ್ನೊಂದೂ ಮುಕ್ಕಾಲು. ಎರಡಕ್ಕೆ ಬಂದರಿನ ಕೌಂಟರ್ ಮುಚ್ಚುತ್ತದೆ. ಹಡಗೇನು ಕೈ ಅಡ್ಡ ಹಾಕಿದರೆ ನಿಲ್ಲುವ ಬಸ್ಸೇ?

ನಗಬೇಡಿ. ಇಪ್ಪತ್ತಾರು ವರ್ಷದಿಂದ ನಾನು ಈ ಜೆರಾಕ್ಸ್ ಅಂಗಡಿಯ ಇದೇ ಮೇಜಿನ ಹಿಂದೆ ಕೂತು, ಪಾಸ್‌ಪೋರ್ಟು ಟಿಕೆಟ್ಟಿನ ಕಾಗದ ಮಾಡಿಕೊಟ್ಟು, ಜನರನ್ನು ಹಡಗು, ವಿಮಾನ ಹತ್ತಿಸುತ್ತಿದ್ದೇನೆ. ಒಬ್ಬರೂ ಗೇಟಿನಿಂದ ವಾಪಸ್ ಬಂದಿಲ್ಲ. ಈ ಬೀದಿಯಲ್ಲಿ ನನ್ನ ಹೆಸರು ಜೆರಾಕ್ಸಮ್ಮ. ಕೇಳಿದರೆ ಹೆದರಿಕೆ ಆಗುತ್ತದೆ ಅಲ್ಲವೇ? ಯಾರಿಗೂ ಆಗುವುದಿಲ್ಲ.

ಅಕ್ಕ ಭೂಗೋಳದ ಟೀಚರಾಗಿದ್ದಳು. ಮೂವತ್ತೆರಡು ವರ್ಷ ಕೋಲು ಹಿಡಿದು ಮಕ್ಕಳಿಗೆ ನಕ್ಷೆಯಲ್ಲಿ ಸಮುದ್ರ ತೋರಿಸಿದವಳು. ದೋಣಿಗೆ ಒಂದು ಕಾಲು ಇಟ್ಟವಳಲ್ಲ. ರಿಟೈರಾದ ಮೇಲೆ ಒಂದೇ ಮಾತು.

"ದಡ ಕಾಣದ ಕಡೆ ಒಂದ್ಸಲ ನಿಲ್ಬೇಕು ಕಣೇ. ಈ ವರ್ಷ ಮಂಡಿ ನನ್ನ ಮಾತು ಕೇಳ್ತಿದೆ. ಮುಂದಿನ ವರ್ಷ ಕೇಳಲ್ಲ."

ಎಂಟು ದಿನದ ಕ್ರೂಸ್. ನಾವಿಬ್ಬರೇ. ಇಬ್ಬರಿಗೂ ಸೇರಿ ಒಂದು ಕ್ಯಾಬಿನ್. ಎಲ್ಲ ತಯಾರಿ ಮುಗಿದಿತ್ತು. ಹೊರಡುವ ದಿನ ಬೆಳಗ್ಗೆ ಅಕ್ಕನ ಫೋನು.

"ಪಾಸ್‌ಪೋರ್ಟ್ ಕಾಣ್ತಿಲ್ಲ ಕಣೇ... ಅವರು ಎಲ್ಲೋ ಇಟ್ಟಿದಾರೆ. ಕೇಳಿದ್ರೆ, ಎಂಟು ದಿನ ನಂಗೆ ಮಾತ್ರೆ ಯಾರು ಕೊಡೋದು ಅಂತಾರೆ."

ಅಕ್ಕನನ್ನು ಸೂಟ್‌ಕೇಸ್ ಸಮೇತ ಹಿಂದಿನ ಬೀದಿಯ ಟ್ಯಾಕ್ಸಿಯಲ್ಲಿ ಕೂರಿಸಿದೆ. ಭಾವ ಸ್ನಾನಕ್ಕೆ ಹೋಗುವುದನ್ನೇ ಕಾದೆ. ನುಗ್ಗಿದೆ.

ಅಂಗಿಗಳ ಕೆಳಗೆ ಇಲ್ಲ. ಹಾಸಿಗೆಯಡಿ ಇಲ್ಲ. ಹಳೇ ಎಕ್ಸ್‌ರೇ ಕವರಿನಲ್ಲೂ ಇಲ್ಲ!

ಬಾಗಿಲಿಗೆ ಒಂದು ಒದೆ ಬಿತ್ತು. ಚಿಲಕದ ಒಂದು ಮೊಳೆ ಹಾರಿತು.

ಯೋಚನೆ ಮಾಡೇ ಜೆರಾಕ್ಸಮ್ಮ... ಹೆದರಿದ ಗಂಡಸು ಬಚ್ಚಿಟ್ಟ ವಸ್ತುವನ್ನು ದಿನಕ್ಕೆ ಮೂರು ಸಲ ಮುಟ್ಟಿ ನೋಡಿಕೊಳ್ಳುತ್ತಾನೆ. ಭಾವ ದಿನಕ್ಕೆ ಮೂರು ಸಲ ಮುಟ್ಟುವುದು ಏನು?

ಬಿ.ಪಿ. ಮಿಷನ್!

ಅದರ ಚೀಲದ ಜಿಪ್ ಎಳೆದೆ. ರಬ್ಬರ್ ಪಟ್ಟಿಯ ಸುರುಳಿಯೊಳಗೆ, ಬೆಚ್ಚಗೆ ಮಲಗಿತ್ತು ಅಕ್ಕನ ಪಾಸ್‌ಪೋರ್ಟು.

ಎರಡನೇ ಒದೆಗೆ ಬಾಗಿಲು ತೆರೆಯಿತು. ಅಷ್ಟರಲ್ಲಿ ನಾನು ಕೋಣೆಯಿಂದ ಹಿತ್ತಲಿಗೆ ತೆರೆಯುವ ಇನ್ನೊಂದು ಬಾಗಿಲಲ್ಲಿದ್ದೆ.

"ನಿಂತ್ಕೋ! ಮನೆಮುರುಕಿ!"

"ಮೈ ಒರೆಸ್ಕೊಳ್ಳಿ ಭಾವಾ, ನೆಗಡಿಯಾಗುತ್ತೆ!"

ಓಡಿದೆ. ಓಡಿದೆ ಎನ್ನುವುದು ದೊಡ್ಡ ಮಾತು. ಒಣಹಾಕಿದ್ದ ದುಪ್ಪಟಿ ತಲೆಗೆ ಸುತ್ತಿಕೊಂಡಿತು. ಬಟ್ಟೆ ಒಗೆಯುವ ಕಲ್ಲಿಗೆ ಮೊಣಕಾಲು ಬಡಿಯಿತು. ಅಂತೂ ಟ್ಯಾಕ್ಸಿಗೆ ಬಿದ್ದೆ.

"ನಡಿಯಪ್ಪಾ! ಬಂದರಿಗೆ!"

ಹಿಂದಿನಿಂದ ಸ್ಕೂಟರ್ ಸದ್ದು. ತಿರುಗಿ ನೋಡಿದೆ. ಬನಿಯನ್ನು, ಹವಾಯಿ ಚಪ್ಪಲಿ, ಕಿವಿಯ ಹಿಂದೆ ಸೋಪಿನ ನೊರೆ. ಭಾವ!

ಮೊದಲ ಸಿಗ್ನಲ್ ಕೆಂಪು. ನನ್ನ ಹಣೆಬರಹವೇ ಆ ಬಣ್ಣದ್ದು. ಕಿಟಕಿಗೆ ಭಾವನ ಮುಖ ಬಂತು.

"ಇಳಿಯೇ! ನನ್ನ ಮಾತ್ರೆ?"

ಅಕ್ಕ ಗಾಜನ್ನು ನಿಧಾನವಾಗಿ ಇಳಿಸಿದಳು.

"ಡಬ್ಬಿ ಮೇಲೆ ವಾರದ ಹೆಸರು ಬರೆದಿಟ್ಟಿದೀನಿ ರೀ. ಓದೋಕೆ ಬರುತ್ತಲ್ಲ?"

ಸಿಗ್ನಲ್ ಹಸಿರಾಯಿತು. ಹೆಲ್ಮೆಟ್ ಇಲ್ಲದ ತಲೆ ಪೊಲೀಸರ ಕಣ್ಣಿಗೆ ಬಿತ್ತು. ಶಿಳ್ಳೆ! ಕನ್ನಡಿಯಲ್ಲಿ ಭಾವ ಸಣ್ಣಗಾಗುತ್ತ ಹೋದರು.

ಗೆದ್ದೆ ಅಂದುಕೊಂಡೆ. ಪೆದ್ದಿ.

ಟ್ಯಾಕ್ಸಿಯಲ್ಲೇ ಅಕ್ಕನ ಫೈಲು ಬಿಚ್ಚಿದೆ. ಪಾಸ್‌ಪೋರ್ಟ್, ಟಿಕೆಟ್ ಪ್ರಿಂಟು, ಇನ್ಶೂರೆನ್ಸ್, ಮಂಡಿಯ ಬಗ್ಗೆ ಡಾಕ್ಟರ್ ಪತ್ರ. ಅಸಲು ಒಂದು ಕಡೆ, ನಕಲು ಒಂದು ಕಡೆ. ಮೂರು ಸಲ ನೋಡಿದೆ.

"ನಿಂದು ಸರಿಯಾಗಿದ್ಯಾ?" ಅಕ್ಕ ಕೇಳಿದಳು.

"ಮೀನಿಗೆ ಈಜು ಕಲಿಸ್ತೀಯಾ? ಅಂದ ಹಾಗೆ, ಕಿಟಕಿ ಪಕ್ಕದ ಹಾಸಿಗೆ ನಂದು. ಜೀವ ಪಣಕ್ಕಿಟ್ಟವಳು ನಾನು."

"ಆಯ್ತು ಮಾರಾಯ್ತಿ. ನೀನು ಜೊತೇಲಿದ್ರೆ ಸಾಕು. ಒಬ್ಳೇ ಆಗಿದ್ರೆ ನಾನು ಬಾಗಿಲೂ ದಾಟ್ತಿರ್ಲಿಲ್ಲ."

ಒಂದೂ ಮುಕ್ಕಾಲಿಗೆ ಕೌಂಟರ್ ಮುಟ್ಟಿದೆವು. ಒಳಗೆ ತಲೆ ಬಿಗಿಯಾಗಿ ಬಾಚಿದ ಹುಡುಗಿ. ಅಕ್ಕನ ಪಾಸ್‌ಪೋರ್ಟ್ ನೋಡಿದಳು. ಮೊಹರು ಬಿತ್ತು. ಠಪ್!

ನನ್ನದು ತೆಗೆದುಕೊಂಡಳು. ಹಾಳೆ ತಿರುವಿದಳು. ಅವಳ ಕೈ ನಿಂತಿತು.

"ಮೇಡಂ... ಪ್ರಯಾಣ ಮುಗಿದ ಮೇಲೂ ಆರು ತಿಂಗಳು ಅವಧಿ ಇರ್ಬೇಕು. ನಿಮ್ದು ಐದು ತಿಂಗಳು ಹನ್ನೊಂದು ದಿನ ಇದೆ."

"ನಾನ್ಯಾರು ಗೊತ್ತೇನಮ್ಮಾ?"

"ಗೊತ್ತು ಮೇಡಂ. ನಮ್ಮಪ್ಪ ಅಮ್ಮನ ಪೇಪರ್ ಮಾಡ್ಕೊಟ್ಟಿದ್ದು ನೀವೇ. ಈ ರೂಲು ನಂಗೆ ಹೇಳ್ಕೊಟ್ಟಿದ್ದೂ ನೀವೇ."

ಏನಾಗಿತ್ತು ಗೊತ್ತೇ? ಒಂಬತ್ತೂವರೆ ವರ್ಷದ ಹಿಂದೆ, ಎಲ್ಲಿಗಾದರೂ ಹೋಗಬೇಕು ಎಂದು ಆಸೆಪಟ್ಟು ಮಾಡಿಸಿದ ಪಾಸ್‌ಪೋರ್ಟ್ ಅದು. ಎಲ್ಲಿಗೂ ಹೋಗಲಿಲ್ಲ. ಒಂದು ಮೊಹರೂ ಬೀಳಲಿಲ್ಲ. ಮೇಜಿನ ಮೇಲೆ ಬಿದ್ದಿದ್ದನ್ನು ಬಂದವರಿಗೆ ಮಾದರಿಯಾಗಿ ತೋರಿಸತೊಡಗಿದೆ. 'ಇಲ್ಲಿ ನೋಡಿ, ಈ ತಾರೀಖಿಗೆ ಇನ್ನೂ ಆರು ತಿಂಗಳು ಇರಬೇಕು...' ದಿನಕ್ಕೆ ಹತ್ತು ಸಲ ಆ ಸಾಲಿನ ಮೇಲೇ ಬೆರಳಿಟ್ಟೆ. ಬೆರಳೆತ್ತಿ ಒಮ್ಮೆಯೂ ಓದಲಿಲ್ಲ! ಬುಕಿಂಗ್ ಫಾರಂ ತುಂಬುವಾಗಲೂ ಅಷ್ಟೇ. ಕೈ ತಾರೀಖು ಬರೆಯಿತು, ತಲೆ ಅಕ್ಕನ ಡಾಕ್ಟರ್ ಪತ್ರದಲ್ಲಿತ್ತು.

ದೀಪದ ಬುಡದಲ್ಲೇ ಕತ್ತಲೆ. ಇಲ್ಲಿ ದೀಪವೂ ಅಷ್ಟಕ್ಕಷ್ಟೇ.

"ನೀನಿಲ್ದೆ ನಾನು ಹೋಗಲ್ಲ," ಅಕ್ಕ ಸೂಟ್‌ಕೇಸಿನ ಹಿಡಿ ಬಿಟ್ಟಳು.

ಅದೇ ಹೊತ್ತಿಗೆ ತಡೆಗಂಬಿಯ ಆಚೆ ಹವಾಯಿ ಚಪ್ಪಲಿಯ ಪಟಪಟ ಸದ್ದು. ಕಿವಿಯ ಹಿಂದಿನ ಸೋಪು ಒಣಗಿ ಬೆಳ್ಳಗೆ ಪುಡಿಯಾಗಿತ್ತು. ಅಕ್ಕನ ಮಾತು ಆ ಕಿವಿಗೂ ಬಿದ್ದಿತ್ತು.

"ನಾನು ಹೇಳ್ಲಿಲ್ವಾ? ಇವಳನ್ನ ನಂಬ್ಕೊಂಡು ಹೊರಟ್ಯಲ್ಲ! ಬಾ ಮನೆಗೆ. ಒಬ್ಳೇ ಎಲ್ಲಿಗೆ ಹೋಗ್ತೀಯ ನೀನು?"

ನಾನು ನನ್ನ ಪಾಸ್‌ಪೋರ್ಟನ್ನು ಚೀಲಕ್ಕೆ ತುರುಕಿದೆ. ಅವರು ಹೇಳಿದ್ದು ಸುಳ್ಳಲ್ಲವಲ್ಲ.

ಗೋಡೆಯ ಗಡಿಯಾರದಲ್ಲಿ ಎರಡಕ್ಕೆ ನಾಲ್ಕು ನಿಮಿಷ.

ಅಕ್ಕ ಭಾವನನ್ನು ನೋಡಿದಳು. ನನ್ನನ್ನು ನೋಡಿದಳು. ಗಾಜಿನಾಚೆ ನೀರು... ಅದನ್ನು ತುಂಬ ಹೊತ್ತು ನೋಡಿದಳು. ತರಗತಿಯಲ್ಲಿ ಗದ್ದಲ ನಿಲ್ಲಲೆಂದು ಕಾಯುತ್ತಿದ್ದಳಲ್ಲ, ಹಾಗೆ.

ಆಮೇಲೆ ನನ್ನ ಕಡೆ ತಿರುಗಿದಳು.

"ಕಿಟಕಿ ಪಕ್ಕದ ಹಾಸಿಗೆ... ಈಗ ನಂದೇ ಅಲ್ವೇನೇ?"

ನಾನು ಗಟ್ಟಿಗಿತ್ತಿ. ಆದ್ದರಿಂದ ಅಳುವ ಬದಲು ಕೆಮ್ಮಿದೆ.

"ಎರಡೂ ನಿಂದೇ ಅಕ್ಕಾ. ಒಂದ್ರಲ್ಲಿ ಮಲ್ಕೋ. ಇನ್ನೊಂದ್ರಲ್ಲಿ ಸೂಟ್‌ಕೇಸ್ ಮಲಗಿಸು. ಹೋಗು, ಬೇಗ!"

ಹಿಡಿ ಹಿಡಿದಳು. ಹಡಗಿನ ಏರುದಾರಿಯಲ್ಲಿ ಒಂದೊಂದೇ ಹೆಜ್ಜೆ. ಮಂಡಿ ಮಾತು ಕೇಳಿತು. ತಿರುಗಿ ನೋಡುತ್ತಾಳೆ ಎಂದು ಕೈ ಎತ್ತಿ ಕಾದೆ.

ನೋಡಲಿಲ್ಲ.

ಎತ್ತಿದ ಕೈಯನ್ನು ಏನು ಮಾಡುವುದು? ತಲೆ ಕೆರೆದುಕೊಂಡೆ.

ಹಡಗು ಕೂಗಿತು. ಭಾವ ಕಿವಿಯ ಹಿಂದಿನ ಸೋಪಿನ ಪುಡಿ ಒರೆಸಿಕೊಂಡರು. ಕೊನೆಗೆ, ಮಗುವಿನ ಹಾಗೆ, ಮೆಲ್ಲಗೆ...

"ಮಧ್ಯಾಹ್ನದ ಮಾತ್ರೆ ಬಿಳೀದಾ, ಹಳದೀದಾ?"

ಎಂಟು ದಿನ ಆ ಮನೆಗೆ ಹೋಗಿ ಮಾತ್ರೆ ಕೊಟ್ಟೆ. ಮುರಿದ ಚಿಲಕಕ್ಕೆ ಹೊಸ ಮೊಳೆಯನ್ನೂ ಹೊಡೆಸಿದೆ. ಮೂರನೇ ದಿನದಿಂದ ಅವರ ಬಿ.ಪಿ. ನಾರ್ಮಲ್. ನನ್ನದು ಕೇಳಬೇಡಿ.

ಹೂಂ... ಕ್ರೂಸಿಗೆ ಹೊರಟವರು ನೀವಿಬ್ಬರೂ ತಾನೇ? ಪಾಸ್‌ಪೋರ್ಟ್ ಇಲ್ಲಿಡಿ.

ಮೊದಲು ಆ ತಾರೀಖಿನ ಮೇಲಿಂದ ಬೆರಳು ಎತ್ತಿ ಸ್ವಾಮೀ!