ಅಮ್ಮನ ಸಮಾಧಿ ಪಕ್ಕದ ಸೈಕಲ್ ದಾರಿ

ಎಂಟು ತಿಂಗಳಾದ ಮೇಲೆ ಮಧುಕುಮಾರ್ ನಮ್ಮ ದ್ರಾಕ್ಷಿ ತೋಟದ ಬೇಲಿ ಹತ್ತಿರ ಬಂದು ನಿಂತಾಗ ನಾನು ಮೊದಲು ನೋಡಿದ್ದು ಅವನ ಮುಖವನ್ನಲ್ಲ, ಸೈಕಲನ್ನು. ಅದು ಅವನ ತಂಗಿ ಪ್ರಿಯಾಂಕಳದು. ಹ್ಯಾಂಡಲ್ ಇನ್ನೂ ಸೊಟ್ಟಗೇ ಇತ್ತು.

"ಮೊದಲೆಲ್ಲ ನೀನು ಎರಡು ಸಲ ಬೆಲ್ ಹೊಡೀತಿದ್ದೆ," ಎಂದೆ.

"ಹೊಡೆದಿದ್ರೆ ಓಡಿ ಬರ್ತಿದ್ಯಾ?"

"ಇಲ್ಲಪ್ಪ. ತಲೆ ಬಾಚ್ಕೊಂಡು ಬರ್ತಿದ್ದೆ."

ಅವನು ನಕ್ಕ. ಬಲಗೆನ್ನೆಯ ಗುಳಿ ಒಂದು ಗಳಿಗೆ ಕಾಣಿಸಿ ಹೋಯಿತು. ಅದನ್ನು ನೋಡಿ ನನಗೆ ಅಳು ಬಂತು.

ನಮ್ಮ ತೋಟ ಚಿಕ್ಕಬಳ್ಳಾಪುರದಿಂದ ಕಳವಾರದ ಕಡೆಗಿದೆ. ಈಚೆಗೆ ಕೆರೆ ಏರಿ, ಆಚೆಗೆ ಕಾಲುವೆ ದಂಡೆ, ಎರಡರ ಮೇಲೂ ಸೈಕಲ್ ದಾರಿ ಮಾಡಿದ್ದಾರೆ. ಭಾನುವಾರ ಬೆಳಿಗ್ಗೆ ಮನೆಮಂದಿಯೆಲ್ಲ ಸೈಕಲ್ ಹತ್ತಿ ಬರುತ್ತಿದ್ದರು. ಮುಂದೆ ಮಗು, ಹಿಂದೆ ಕ್ಯಾರಿಯರ್‌ನಲ್ಲಿ ಚಿತ್ರಾನ್ನದ ಡಬ್ಬಿ. ಮಧು ತಂಗಿಯನ್ನೂ ತಾಯಿ ರಾಮಲಕ್ಷ್ಮಮ್ಮನವರನ್ನೂ ಕರೆತರುತ್ತಿದ್ದ. ಐವತ್ತು ದಾಟಿದ ಮೇಲೆ ಸೈಕಲ್ ಕಲಿತ ಆಯಮ್ಮ ನಮ್ಮ ಬೇಲಿ ಹತ್ತಿರ ಇಳಿದು ಏದುಸಿರು ಬಿಡುತ್ತ ನೀರು ಕೇಳುತ್ತಿದ್ದರು. ಆ ನೀರು ಕೊಡುವ ನೆಪದಲ್ಲೇ ನಮ್ಮಿಬ್ಬರ ಪ್ರೀತಿ ಶುರುವಾದದ್ದು.

ಎರಡು ದಾರಿಗಳ ನಡುವೆ ನಮ್ಮ ಜಮೀನು ಮುನ್ನೂರು ಮೀಟರ್. ಅಷ್ಟು ದೂರ ಮಾತ್ರ ಎಲ್ಲರೂ ಹೈವೇಗೆ ಇಳಿಯಲೇಬೇಕಿತ್ತು. ಅಲ್ಲೇ ಒಂದು ಭಾನುವಾರ ಟೊಮೆಟೊ ಲಾರಿಯೊಂದು ಪ್ರಿಯಾಂಕಳಿಗೆ ಹೊಡೆಯಿತು. ಹತ್ತೊಂಬತ್ತು ವರ್ಷಕ್ಕೇ ಅವಳು ತೀರಿಕೊಂಡಳು. ಅವತ್ತಿನಿಂದ ಮಧು ಈ ಕಡೆ ಬಂದಿರಲಿಲ್ಲ.

"ನಿಮ್ಮಪ್ಪನ ಮೇಲೆ ಸಿಟ್ಟು ಹೋಗಿಲ್ಲ," ಎಂದ ಮಧು. "ದಾರಿಗೆ ಜಾಗ ಬಿಡಲ್ಲ ಅಂತ ಪಂಚಾಯ್ತಿಗೆ ಬರೆದುಕೊಟ್ಟೋರು ಅವರೇ ತಾನೆ. ಆದ್ರೆ ನಮ್ಮಮ್ಮ ಅಂತಾರೆ, ಆ ಹುಡುಗಿದೇನ್ ತಪ್ಪೋ, ಹೋಗಿ ಕೇಳು ಅಂತ. ಕೇಳಕ್ಕೇ ಬಂದೆ. ಮದುವೆ ಆಗಣ, ಶಿರೀಷಾ."

ಎರಡು ವರ್ಷ ಕಾದ ಮಾತು. ಹೂಂ ಅಂದಿದ್ದರೆ ಸಾಕಿತ್ತು. ಅಪ್ಪ ಮುನಿಶಾಮಪ್ಪ ಯಾರ ಹತ್ತಿರವೂ ಬಾಯಿ ಬಿಡುವವರಲ್ಲ. ಮಗಳ ತಪ್ಪನ್ನು ತಮ್ಮ ತಲೆ ಮೇಲೆ ಹಾಕಿಕೊಂಡು ಊರವರ ಬೈಗುಳ ತಿನ್ನುತ್ತಿದ್ದರು.

"ಬರೆದುಕೊಟ್ಟಿದ್ದು ಅಪ್ಪ ಅಲ್ಲ ಕಣೋ. ನಾನು."

ಆ ಜಮೀನು ನನ್ನ ಹೆಸರಲ್ಲಿದೆ. ಅಲ್ಲೇ ಅಮ್ಮ ಶ್ಯಾಮಲಮ್ಮನ ಸಮಾಧಿ. ನಮ್ಮಲ್ಲಿ ಸತ್ತವರನ್ನು ಅವರವರ ಹೊಲದಲ್ಲೇ ಮಣ್ಣು ಮಾಡುತ್ತೇವೆ, ಅಮಾವಾಸ್ಯೆಗೆ ಎಡೆ ಇಡುತ್ತೇವೆ, ಚಪ್ಪಲಿ ಬಿಟ್ಟೇ ಹತ್ತಿರ ಹೋಗುತ್ತೇವೆ. ಅಲ್ಲಿ ಊರವರ ಸೈಕಲ್‌ಗಳು ಓಡಾಡುವುದನ್ನು ನೆನೆದೇ ನನಗೆ ಮೈ ಉರಿದಿತ್ತು. "ಸ್ವಲ್ಪ ತಿರುಗಿಸಿ ಹಾಕಿಸಣ, ಬಿಟ್ಟುಕೊಡಮ್ಮ," ಎಂದು ಅಪ್ಪ ಎಷ್ಟೋ ಹೇಳಿದರು. ನಾನು ಕೇಳಲಿಲ್ಲ. ಆಗುವುದಿಲ್ಲ ಎಂದು ಬರೆದು ಸಹಿ ಹಾಕಿದೆ.

ಮಧು ಸೈಕಲ್ಲಿನ ಸೊಟ್ಟ ಹ್ಯಾಂಡಲನ್ನು ಬಿಗಿಯಾಗಿ ಹಿಡಿದುಕೊಂಡ.

"ಯಾಕೆ ಹೇಳ್ದೆ? ಸುಮ್ನಿದ್ದಿದ್ರೆ ಮದುವೆ ಆಗ್ತಿದ್ವಲ್ಲ."

"ಅದಕ್ಕೇ ಹೇಳ್ದೆ. ನಿಮ್ಮನೇಲಿ ದಿನಾ ಅವಳ ಫೋಟೋ ಮುಂದೆ ದೀಪ ಹಚ್ಬೇಕಲ್ಲ. ಯಾವ ಕೈಲಿ ಹಚ್ಲಿ?"

ಮೊದಲೆಲ್ಲ ಅವನ ಕಣ್ಣು ನನ್ನ ಜಡೆ, ಓಲೆ, ಮೂಗಿನ ಮೇಲಿನ ಬೆವರು ಎಲ್ಲವನ್ನೂ ಸುತ್ತಿ ಬರುತ್ತಿತ್ತು. ಅವತ್ತು ಅದು ನನ್ನ ಬಲಗೈಯನ್ನೇ ನೋಡಿತು. ಆಮೇಲೆ ಅವನು ಸೈಕಲ್ ತಳ್ಳಿಕೊಂಡು ಹೊರಟುಹೋದ.

ಮಾರನೆ ದಿನವೇ ಹೋಗಿ ಜಾಗ ಬಿಟ್ಟುಕೊಟ್ಟೆ. ಬೇಸಿಗೆ ಹೊತ್ತಿಗೆ ದಾರಿ ಮುಗಿಯಿತು. ಅಮ್ಮನ ಸಮಾಧಿಯಿಂದ ಹತ್ತು ಅಡಿ ಬಿಟ್ಟು ತಿರುಗಿ ಹೋಗುತ್ತದೆ. ಬರೀ ಹತ್ತು ಅಡಿ. ಮೊದಲೇ ಇಷ್ಟಕ್ಕೆ ಒಪ್ಪಿಕೊಳ್ಳಬಹುದಿತ್ತು.

ಮೊದಲ ಭಾನುವಾರ ಸಮಾಧಿ ಪಕ್ಕದಲ್ಲಿ ನಿಂತಿದ್ದೆ. ಮನೆಮನೆಯವರು ಸಾಲಾಗಿ ಬಂದರು, ಒಬ್ಬರೂ ಹೈವೇಗೆ ಇಳಿಯಲಿಲ್ಲ. ರಾಮಲಕ್ಷ್ಮಮ್ಮನವರು ನನ್ನತ್ತ ನೋಡಲಿಲ್ಲ, ನೀರೂ ಕೇಳಲಿಲ್ಲ. ಅವರ ಹಿಂದೆ ಬಂದ ಮಧು ಇಳಿದು, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು, ಸೈಕಲ್ ತಳ್ಳುತ್ತ ಬರಿಗಾಲಲ್ಲಿ ನಡೆದ.

"ಹತ್ಕೊಂಡೇ ಹೋಗು ಮಧು. ನಮ್ಮಮ್ಮ ಏನೂ ಅನ್ಕೊಳಲ್ಲ."

"ಗೊತ್ತು." ಅವನು ನಿಂತ. "ಪ್ರೀತಿ ಹೋಗಿಲ್ಲ ಶಿರೀಷಾ. ಹೋಗಿದ್ರೆ ಒಳ್ಳೇದಿತ್ತು."

ಸಮಾಧಿ ದಾಟಿದ ಮೇಲೆ ಚಪ್ಪಲಿ ಮೆಟ್ಟಿ ಸೈಕಲ್ ಹತ್ತಿದ. ತಿರುವಿನಲ್ಲಿ ಎರಡು ಸಲ ಬೆಲ್ ಹೊಡೆಯುತ್ತಾನೇನೋ ಎಂದು ದಾರಿಗೇ ಇಳಿದು ಕಿವಿಗೊಟ್ಟೆ. ಹೊಡೆಯಲಿಲ್ಲ.

ಹಿಂದೆ ಯಾವುದೋ ಪುಟ್ಟ ಹುಡುಗಿ ಜೋರಾಗಿ ಬೆಲ್ ಹೊಡೆದಳು. "ಆಂಟಿ, ದಾರಿ ಬಿಡಿ!"

ನಾನು ಸರಿದು ನಿಂತೆ.