ಎರಡು ಥರ್ಮಾಮೀಟರ್, ಒಂದೇ ಅಂಕೆ

"ಲೇ ಶಹನವಾಜ್, ಯಾವ ಮುಖ ಇಟ್ಕೊಂಡು ಬಂದ್ಯೋ? ಚಳಿಗೆ ಹೆದ್ರಿ ರಗ್ಗೊಳಗೆ ಕೂತು ಸುಳ್ಳು ಅಂಕೆ ಬರ್ದೋನು!"

ಮೊಳಕಾಲ್ಮುರಿನ ನೇಕಾರರ ಸಭೆಯಲ್ಲಿ ಹಡಗಿನಿಂದ ಮರಳಿ ಬಂದದ್ದಕ್ಕೆ ಹಾರ ಹಾಕಿಸಿಕೊಂಡು ನಿಂತಿದ್ದ ದೇವೇಂದ್ರ ಮೈಕಿನಲ್ಲೇ ಹಾಗಂದ. ಜನ ಗೊಳ್ಳೆಂದರು. ಚಳ್ಳಕೆರೆಯ ಮೆಕ್ಯಾನಿಕ್ ಶಹನವಾಜ್‌ನ ಕಿವಿ ಕಾದವು.

ದಕ್ಷಿಣ ಧ್ರುವದ ಕಡಲಿಗೆ ಹೋದ ಸಂಶೋಧನಾ ಹಡಗಿನಲ್ಲಿ ಹವಾಮಾನ ಬರೆಯುವುದು ಇವರಿಬ್ಬರ ಕೆಲಸ. ಬೆಳಗಿನ ಪಾಳಿ ಶಹನವಾಜ್‌ನದು, ಸಂಜೆಯದು ದೇವೇಂದ್ರನದು. ಡೆಕ್ಕಿನ ಮೇಲೆ ಒಂದೇ ಪೆಟ್ಟಿಗೆ, ಅದರಲ್ಲಿ ಎರಡು ಥರ್ಮಾಮೀಟರ್. ಒಂದು ಒಣದು. ಇನ್ನೊಂದರ ಬುಡಕ್ಕೆ ಬಟ್ಟೆಯ ಬತ್ತಿ ಸುತ್ತಿ, ತುದಿಯನ್ನು ನೀರಿನಲ್ಲಿ ಇಳಿಬಿಟ್ಟಿರುತ್ತಾರೆ. ಒದ್ದೆಯದು ಕಡಿಮೆ ತೋರಿಸಬೇಕು. ಆ ವ್ಯತ್ಯಾಸದಿಂದಲೇ ಗಾಳಿಯ ತೇವ ತಿಳಿಯುವುದು. ಕೊನೆಯ ಹನ್ನೊಂದು ದಿನ ದೇವೇಂದ್ರನ ಪುಟಗಳಲ್ಲಿ ವ್ಯತ್ಯಾಸವಿತ್ತು. ಶಹನವಾಜ್‌ನ ಪುಟಗಳಲ್ಲಿ ಎರಡಕ್ಕೂ ಒಂದೇ ಅಂಕೆ. ದೇವೇಂದ್ರ ದೂರು ಕೊಟ್ಟ. ಮುಂದಿನ ಹಡಗಿನ ಪಟ್ಟಿಯಿಂದ ಶಹನವಾಜ್‌ನ ಹೆಸರು ಹೊಡೆದುಹಾಕಿದರು. ಅವನು ಕಂಡದ್ದನ್ನೇ ಬರೆದಿದ್ದ. ಆದರೆ ಹಾಗೇಕೆ ಕಂಡಿತು? ಯೋಚಿಸಿ ಯೋಚಿಸಿ ಅವನ ತಲೆ ಕೆಟ್ಟಿತ್ತು.

ಮುಂದಿನ ಸಾಲಿನಿಂದ ತಿಪ್ಪೇರುದ್ರಮ್ಮ ಎದ್ದರು. ಮಗ್ಗದಲ್ಲೇ ತಲೆ ನರೆತ ಮುದುಕಿ. ಊರಲ್ಲಿ ಏನು ಕಳವಾದರೂ ಜನ ಪೊಲೀಸರಿಗಿಂತ ಮೊದಲು ಅವರ ಬಾಗಿಲು ಬಡಿಯುತ್ತಿದ್ದರು. ಈ ದೂರಿನ ಕಥೆಯೂ ಅವರ ಕಿವಿಗೆ ಬಿದ್ದಿತ್ತು.

"ನಗೋದು ಆಮೇಲೆ ಐತೆ. ಏನಯ್ಯಾ ಶಹನವಾಜ್, ಬತ್ತಿ ಯಾವಾಗ ಬದಲಾಯ್ತು?"

"ಆ ಹನ್ನೊಂದರಾಗೆ ಮೊದಲನೇ ದಿನ, ಅಮ್ಮಾ. ಹಳೇದು ಉಪ್ಪುಗಟ್ಟಿತ್ತು. ಅಮ್ಮಿ ಖರ್ಜೂರ ಕಟ್ಟಿಕೊಟ್ಟ ಹೊಸ ಬಟ್ಟೆ ಹರ್ದು ಸುತ್ತಿದೆ."

"ಒಗ್ದಿದ್ದೇನು?"

"ಹೊಸದನ್ನ ಯಾಕೆ ಒಗೀಲಿ?"

"ದೇವೇಂದ್ರಾ, ಆಮೇಲೆ ನೀನೇನಾದ್ರೂ ಬತ್ತಿ ಮುಟ್ಟಿದ್ಯಾ?"

"ಇಲ್ಲತ್ತೆ. ಅದು ಅವನ ಕೆಲಸ."

ಉಳಿದ ತುಂಡು ಶಹನವಾಜ್‌ನ ಚೀಲದಲ್ಲೇ ಇತ್ತು. ತಿಪ್ಪೇರುದ್ರಮ್ಮ ಅದರ ತುದಿಯನ್ನು ವೇದಿಕೆಯ ನೀರಿನ ಲೋಟದಲ್ಲಿ ಇಳಿಬಿಟ್ಟರು. ಎಲ್ಲರೂ ಬಗ್ಗಿ ನೋಡಿದರು. ನೀರು ಮೇಲೇರಲಿಲ್ಲ. ತಮ್ಮ ಹಳೇ ಸೀರೆಯ ಸೆರಗು ಅದ್ದಿದರು, ಸರಸರನೆ ಏರಿತು.

"ಹೊಸ ಬಟ್ಟೆಗೆ ಮೈತುಂಬ ಗಂಜಿ. ಕುದಿಸಬೇಕು, ಆ ಹಿಮದ ನೀರಿಗೆ ಎಲ್ಲಿ ಬಿಡ್ತೈತೆ? ಬತ್ತಿ ಒಣಗೇ ಇತ್ತು. ಹಂಗಾಗಿ ಎರಡೂ ಒಂದೇ ತೋರಿಸ್ದವು."

ದೇವೇಂದ್ರ ನಕ್ಕ. "ತಪ್ಪು ಅವನದೇ ಅಂದಂಗಾಯ್ತು!"

"ಬತ್ತಿ ಕೆಡಿಸಿದ್ದು ಅವನೇ. ಸುಳ್ಳು ಬರ್ದೋನು ಅವನಲ್ಲ. ಅದೇ ಪೆಟ್ಟಿಗೆ, ಅದೇ ಒಣ ಬತ್ತಿ, ಹನ್ನೊಂದು ಸಂಜೆ. ನೀನು ಹೊರಗೆ ಹೋಗಿ ನೋಡಿದ್ದಿದ್ರೆ ನಿನ್ನ ಪುಟದಾಗೂ ಒಂದೇ ಅಂಕೆ ಇರಬೇಕಿತ್ತು. ಈಗ ಹೇಳಯ್ಯಾ, ರಗ್ಗೊಳಗೆ ಕೂತೋರು ಯಾರು?"

ದೇವೇಂದ್ರ ಕೆಳಗಿಳಿದು ಬಂದು ಪಿಸುಗುಟ್ಟಿದ. "ತಮ್ಮಾ, ಇದನ್ನ ಇಲ್ಲಿಗೇ ಬಿಡು. ನಾನೇ ಹೇಳಿ ನಿನ್ನ ಹೆಸರು ಸೇರಿಸ್ತೀನಿ. ಮುಂದಿನ ಹಡಗಿಗೆ ಬರ್ತೀಯಾ?"

ಶಹನವಾಜ್‌ನ ಕಣ್ಣೆದುರು ಆ ಬಿಳಿ ಕಡಲು ಬಂದು ನಿಂತಿತು. ತನ್ನ ಬತ್ತಿಯಿಂದಾಗಿ ಹನ್ನೊಂದು ದಿನಗಳ ಅಂಕೆಗಳೂ ನೀರುಪಾಲು. ಗೆದ್ದೆನೋ ಸೋತೆನೋ ತಿಳಿಯಲಿಲ್ಲ. ಲೋಟದಿಂದ ಬಟ್ಟೆ ತೆಗೆದು ಜೇಬಿಗಿಟ್ಟುಕೊಂಡು, ದೇವೇಂದ್ರನನ್ನು ದಾಟಿ ಬಾಗಿಲ ಕಡೆ ನಡೆದ.